ಒಂದೇ ಹಸುವಿಗೆ ಮೂರು ಬೆಲೆ

ಕನ್ನಡದ 'ದನ' ಎಂಬ ಶಬ್ದವು ಸಂಸ್ಕೃತದ 'ಧನ' ಶಬ್ದದ ತದ್ಭವವೆಂದು ಹೇಳುವುದುಂಟು. ಒಂದು ಮಹಾಪ್ರಾಣವು ಅಲ್ಪಪ್ರಾಣವಾದುದಷ್ಟೇ ಎರಡರ ನಡುವಣ ಅಂತರ. ನಮ್ಮ ಹಿರಿಯರ ಸಂಪತ್ತು ಪೆಟ್ಟಿಗೆಯಲ್ಲಿರಲಿಲ್ಲ, ಗೊಂತಿನಲ್ಲಿ ಕಟ್ಟಿತ್ತು. ಮನೆಯಲ್ಲಿ ಎಷ್ಟು ಜೋಡಿ ಎತ್ತು, ಎಷ್ಟು ಕರಾವು ಎಂದು ವಿಚಾರಿಸಿಯೇ ಹೆಣ್ಣು ಕೊಡುತ್ತಿದ್ದ ಕಾಲವೊಂದಿತ್ತು. ರಾಸು ಸತ್ತ ಮನೆಗೆ ನೆರೆಹೊರೆಯವರು ಬಂದು, ಒಂದಿಷ್ಟು ಹೊತ್ತು ಕುಳಿತು, ಸಮಾಧಾನದ ಮಾತಾಡಿ ಹೋಗುವ ರೂಢಿಯು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಅಳಿದಿಲ್ಲ. ಹಾಗೆ ಬಂದವರು ಕೇಳುವ ಮೊದಲ ಮಾತು, "ಎಷ್ಟು ಲೀಟರು ಕೊಡುತ್ತಿತ್ತು?" ಎಂಬುದು. ಸರ್ಕಾರದ ಕಚೇರಿಯಲ್ಲಿ ಕೇಳುವ ಮೊದಲ ಮಾತು ಬೇರೆ. ಅಲ್ಲಿ ಕೇಳುವುದು, "ಹೇಗೆ ಸತ್ತಿತು?" ಎಂದು.

ಈ ಎರಡನೆಯ ಪ್ರಶ್ನೆಗೆ ದೊರೆಯುವ ಉತ್ತರದ ಮೇಲೆಯೇ ಆ ಮನೆಗೆ ಬರುವ ಹಣ ನಿಂತಿದೆ. ಹಾಲು ಕೊಡುವ ಹಸುವೊಂದು ಪ್ರವಾಹದಲ್ಲಿ ಕೊಚ್ಚಿಹೋಯಿತೆನ್ನಿ. ವಿಪತ್ತು ಪರಿಹಾರ ನಿಧಿಯ 2022-23ರಿಂದ 2025-26ರವರೆಗಿನ ಅವಧಿಯ ದರಪಟ್ಟಿಯಂತೆ ಅದಕ್ಕೆ 37,500 ರೂಪಾಯಿ. ಅದೇ ಹಸು 2022ರಲ್ಲಿ ಚರ್ಮಗಂಟು ರೋಗದಿಂದ ಸತ್ತಿದ್ದರೆ ರಾಜ್ಯ ಸರ್ಕಾರ ಆಗ ಘೋಷಿಸಿದ ಮೊತ್ತ 20,000 ರೂಪಾಯಿ. ಅದೇ ಹಸು ಮರುವರ್ಷ ಆಕಸ್ಮಿಕವಾಗಿ ಮರಣ ಹೊಂದಿದ್ದರೆ, 2023ರ ಜುಲೈ ತಿಂಗಳ ಆಯವ್ಯಯದಲ್ಲಿ ಮರಳಿ ಜಾರಿಗೆ ಬಂದ 'ಅನುಗ್ರಹ' ಯೋಜನೆಯಂತೆ 10,000 ರೂಪಾಯಿ. 2025-26ರ ಆಯವ್ಯಯದಲ್ಲಿ ಇದನ್ನು 15,000ಕ್ಕೆ ಏರಿಸಲಾಯಿತು. ಹಸು ಒಂದೇ, ಕೊಟ್ಟಿಗೆ ಒಂದೇ, ಮನೆಯವರ ಕಣ್ಣೀರೂ ಒಂದೇ. ಬೆಲೆ ಮಾತ್ರ ಮೂರು. ಈ ಮೂರು ಬೆಲೆಗಳು ಎಲ್ಲಿಂದ ಬಂದವು, ಯಾರ ಕೈಗೆ ತಲಪುವುವು, ಯಾರಿಗೆ ತಪ್ಪಿಹೋಗುವುವು ಎಂಬುದನ್ನು ಹೈನು ನಂಬಿ ಬದುಕುವ ಸದ್ಭಕ್ತರ ಮನೆಗಳಿಗೆ ತಿಳಿಸುವ ಸಲುವಾಗಿ ಈ ಬರಹವನ್ನು ಕೈಗೆತ್ತಿಕೊಂಡಿದ್ದೇವೆ.

ಸಾಲವಾಗಿದ್ದುದು ಸಹಾಯವಾಯಿತು

ರಾಸು ಕಳೆದುಕೊಂಡವನಿಗೆ ರಾಜ್ಯವು ಕೈಹಿಡಿಯಬೇಕೆಂಬ ವಿಚಾರವು ಹೊಸತಲ್ಲ. ಆದರೆ ಅದು ಹಣವಾಗಿ ಕೊಡುವ ರೂಪಕ್ಕೆ ಬಂದುದು ಬಹಳ ತಡವಾಗಿ. 1876ರಲ್ಲಿ ಆರಂಭವಾಗಿ 1878ರವರೆಗೆ ಕಾಡಿದ ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮವನ್ನು ನಮ್ಮ ಅಜ್ಜಿಯರು ತಾವು ಕಂಡವರಂತೆ ಹೇಳುತ್ತಿದ್ದರು. ಅವರು ಕೇಳಿದ್ದು ತಮ್ಮ ಅಜ್ಜಿಯರಿಂದ. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆಯು 1881ರ ವೇಳೆಗೆ 42 ಲಕ್ಷದ ಆಸುಪಾಸಿಗೆ ಇಳಿದಿತ್ತೆಂದರೆ ಆ ಬರದ ಭೀಕರತೆ ತಿಳಿಯುವುದು. ಮನುಷ್ಯರೇ ಹಾಗೆ ಹೋದ ಕಾಲದಲ್ಲಿ ದನಗಳ ಪಾಡನ್ನು ಹೇಳಬೇಕಾದುದಿಲ್ಲ. ಹೊಲ ಉಳಿದರೂ ಉಳುವ ಎತ್ತು ಉಳಿಯಲಿಲ್ಲ. ಮಳೆ ಬಂದರೂ ಬಿತ್ತಲಾಗಲಿಲ್ಲ.

ಆ ಕ್ಷಾಮದ ಪಾಠದಿಂದ ಬ್ರಿಟಿಷ್ ಸರ್ಕಾರವು 1880ರ ದಶಕದಲ್ಲಿ ಕ್ಷಾಮ ಸಂಹಿತೆಗಳನ್ನು ರೂಪಿಸಿತು. 1883ರ ಭೂ ಅಭಿವೃದ್ಧಿ ಸಾಲಗಳ ಕಾಯಿದೆ, 1884ರ ಕೃಷಿಕರ ಸಾಲಗಳ ಕಾಯಿದೆ ಎಂಬ ಎರಡು ಕಾನೂನುಗಳು ಬಂದವು. ಇವುಗಳಡಿ ಕೊಡುತ್ತಿದ್ದ ಹಣವನ್ನೇ ನಮ್ಮ ರೈತರು 'ತಕಾವಿ' ಎಂದು ಕರೆದರು. ಎತ್ತು ಕೊಳ್ಳಲು, ಬೀಜ ಕೊಳ್ಳಲು ಎರಡನೆಯ ಕಾಯಿದೆಯಲ್ಲಿ ಅವಕಾಶವಿತ್ತು. ಆದರೆ ತಕಾವಿ ಎಂಬುದು ಸಾಲ. ಬಡ್ಡಿ ಸಹಿತ ತೀರಿಸಬೇಕಾದ ಋಣ. ಸತ್ತ ಎತ್ತಿನ ಸಾಲ ತೀರಿಸಲು ಬದುಕಿದ್ದ ಎತ್ತನ್ನು ಮಾರಿದ ಕಥೆಗಳನ್ನು ಹಳ್ಳಿಗಳಲ್ಲಿ ನಾವು ಬೇಕಾದಷ್ಟು ಕೇಳಿದ್ದೇವೆ.

ಸ್ವಾತಂತ್ರ್ಯಾನಂತರ ಹಲವು ದಶಕಗಳವರೆಗೆ ಪರಿಹಾರವೆಂಬುದು ಆಯಾ ಸರ್ಕಾರದ ಮರ್ಜಿಯ ವಿಷಯವಾಗಿತ್ತು. 2005ರ ವಿಪತ್ತು ನಿರ್ವಹಣಾ ಕಾಯಿದೆಯ ಬಳಿಕ ಪ್ರತಿ ರಾಜ್ಯಕ್ಕೂ ಒಂದು ವಿಪತ್ತು ಪರಿಹಾರ ನಿಧಿ ಏರ್ಪಟ್ಟಿತು. ನಮ್ಮಂತಹ ರಾಜ್ಯಗಳಲ್ಲಿ ಅದರ ಮುಕ್ಕಾಲು ಪಾಲು ಕೇಂದ್ರದ್ದು, ಕಾಲು ಪಾಲು ರಾಜ್ಯದ್ದು. ಯಾವ ನಷ್ಟಕ್ಕೆ ಎಷ್ಟು ಎಂಬ ದರಪಟ್ಟಿಯನ್ನು ಕೇಂದ್ರ ಗೃಹ ಮಂತ್ರಾಲಯವು ಕೆಲವು ವರ್ಷಗಳಿಗೊಮ್ಮೆ ಹೊರಡಿಸುತ್ತದೆ.

ಇಲ್ಲಿ ಒಂದು ಶಬ್ದದ ವಿಚಾರವನ್ನು ಹೇಳದೆ ಮುಂದೆ ಹೋಗಲಾರೆವು. ಸರ್ಕಾರದ ಮೂಲ ಕಾಗದಗಳಲ್ಲಿ ಈ ಹಣವು ನಷ್ಟವನ್ನು ತುಂಬಿಕೊಡುವ ಹಣವಲ್ಲ. ತತ್‌ಕ್ಷಣದ ಸಂಕಟಕ್ಕೆ ಕೊಡುವ ನೆರವು. ಕನ್ನಡದಲ್ಲಾದರೋ ಎರಡಕ್ಕೂ 'ಪರಿಹಾರ' ಎಂಬ ಒಂದೇ ಮಾತನ್ನು ಬಳಸುತ್ತ ಬಂದಿದ್ದೇವೆ. ಕೊಡುವವನು ನೆರವೆಂದು ಕೊಡುತ್ತಾನೆ. ಪಡೆಯುವವನು ನಷ್ಟಭರ್ತಿಯೆಂದು ಎಣಿಸುತ್ತಾನೆ. ಕಚೇರಿಯ ಮುಂದೆ ನಡೆಯುವ ಅರ್ಧ ಜಗಳಕ್ಕೆ ಈ ಒಂದು ಶಬ್ದವೇ ಕಾರಣವೆಂದು ನಮಗೆ ತೋರುತ್ತದೆ.

ಪಟ್ಟಿಯೊಳಗಿನ ಸಾವು, ಪಟ್ಟಿಯ ಹೊರಗಿನ ಸಾವು

ಮೇಲೆ ಹೇಳಿದ ದರಪಟ್ಟಿಯನ್ನು ತುಸು ಬಿಡಿಸಿ ನೋಡೋಣ. ಹಾಲು ಕೊಡುವ ಹಸು, ಎಮ್ಮೆಗೆ 37,500 ರೂಪಾಯಿ. ಕುರಿ, ಮೇಕೆ, ಹಂದಿಗೆ 4,000. ಉಳುವ ಎತ್ತಿಗೆ, ಕುದುರೆಗೆ 32,000. ಕರು, ಕತ್ತೆ, ಹೇಸರಗತ್ತೆಗಳಿಗೆ 20,000. ಕೋಳಿಯೊಂದಕ್ಕೆ 100. ಕೊಟ್ಟಿಗೆ ಬಿದ್ದರೆ 3,000. ಅದಕ್ಕೆ ಹಿಂದಿನ ಅವಧಿಯಲ್ಲಿ ಹಸುವಿಗೆ 30,000, ಎತ್ತಿಗೆ 25,000 ಇತ್ತು.

ಆದರೆ ಈ ಅಂಕಿಗಳ ಕೆಳಗೆ ಸಣ್ಣ ಅಕ್ಷರದಲ್ಲಿ ಕೆಲವು ಕಟ್ಟಳೆಗಳಿವೆ. ಒಂದು ಕುಟುಂಬಕ್ಕೆ ಮೂರು ದೊಡ್ಡ ಕರಾವಿನ ರಾಸುಗಳಿಗೆ, ಇಲ್ಲವೆ ಮೂವತ್ತು ಕುರಿಮೇಕೆಗಳಿಗೆ ಮಾತ್ರ ಹಣ. ಎಷ್ಟೇ ಸತ್ತಿರಲಿ ಲೆಕ್ಕ ಅಲ್ಲಿಗೆ ನಿಲ್ಲುವುದು. ನೂರು ಕುರಿಯ ಹಿಂಡು ಆಲಿಕಲ್ಲಿಗೆ ಸಿಕ್ಕಿದರೆ ಎಪ್ಪತ್ತು ಕುರಿಗಳ ಸಾವು ಕಾಗದದ ಮೇಲೆ ಸಾವೇ ಅಲ್ಲ. ಇನ್ನೊಂದು ಕಟ್ಟಳೆ: 'ಆರ್ಥಿಕವಾಗಿ ಉತ್ಪಾದಕ'ವಾದ ಪಶುವಿಗೆ ಮಾತ್ರ ನೆರವು. ಗೊಡ್ಡು ಬಿದ್ದ ಹಸು, ಕೆಲಸ ಮುಗಿಸಿದ ಮುದಿ ಎತ್ತು ಈ ಮಾತಿನಿಂದ ಹೊರಗುಳಿಯುತ್ತವೆ. ಲೆಕ್ಕಶಾಸ್ತ್ರಕ್ಕೆ ಇದು ಸರಿಯಿರಬಹುದು. ಹದಿನೈದು ವರ್ಷ ನೊಗ ಹೊತ್ತ ಎತ್ತನ್ನು 'ಬಸವ'ನೆಂದೇ ಕರೆದು, ಬಸವ ಜಯಂತಿಯಂದು ಕೊರಳಿಗೆ ಹೂಮಾಲೆ ಹಾಕಿ, ಎಣ್ಣೆ ಅರಿಸಿನ ಹಚ್ಚಿದ ಮನೆಯವರಿಗೆ ಆ ಮಾತನ್ನು ಹೇಳುವ ಬಗೆಯನ್ನು ನಾವು ಅರಿಯೆವು.

ಮತ್ತೊಂದು ಕಟ್ಟಳೆಯು ಎಲ್ಲಕ್ಕಿಂತ ದೊಡ್ಡದು. ಚಂಡಮಾರುತ, ಬರ, ಭೂಕಂಪ, ಬೆಂಕಿ, ಪ್ರವಾಹ, ಸುನಾಮಿ, ಆಲಿಕಲ್ಲು, ಭೂಕುಸಿತ, ಹಿಮಪಾತ, ಮೇಘಸ್ಫೋಟ, ಕೀಟಬಾಧೆ, ಶೀತಮಾರುತ ಎಂದು ಕೇಂದ್ರವು ಹನ್ನೆರಡು ಬಗೆಯ ವಿಪತ್ತುಗಳನ್ನು ಹೆಸರಿಸಿತ್ತು. ದನಗಳ ಸಾಂಕ್ರಾಮಿಕ ರೋಗ ಆ ಹನ್ನೆರಡರಲ್ಲಿ ಇರಲಿಲ್ಲ. ಬೆಳೆ ತಿನ್ನುವ ಕೀಟಕ್ಕೆ ಅಲ್ಲಿ ಜಾಗ ದೊರೆಯಿತು. ದನ ಕೊಲ್ಲುವ ರೋಗಾಣುವಿಗೆ ದೊರೆಯಲಿಲ್ಲ. ರಾಜ್ಯಗಳು ತಮ್ಮ ನಿಧಿಯ ನೂರಕ್ಕೆ ಹತ್ತು ಪಾಲನ್ನು ತಮ್ಮ ಪ್ರಾಂತದ ವಿಶೇಷ ವಿಪತ್ತುಗಳಿಗೆ ಬಳಸಿಕೊಳ್ಳಬಹುದೆಂಬ ಅವಕಾಶವಿದೆಯಾದರೂ ಅದು ಕಿರಿದಾದ ಬಾಗಿಲು.

2019ರಲ್ಲಿ ಒಡಿಶಾದಲ್ಲಿ ಮೊದಲು ಕಾಣಿಸಿಕೊಂಡ ಚರ್ಮಗಂಟು ರೋಗವು 2022ರಲ್ಲಿ ದೇಶವನ್ನೇ ವ್ಯಾಪಿಸಿದಾಗ ಈ ಕೊರತೆ ಎದ್ದು ಕಂಡಿತು. ಮೈತುಂಬ ಗಂಟು, ಸುಡುವ ಜ್ವರ, ಕಾಲುಬಾವು, ಬತ್ತಿದ ಕೆಚ್ಚಲು. ಸೊಳ್ಳೆ, ನೊಣ, ಉಣ್ಣೆಗಳಿಂದ ಹರಡುವ ರೋಗವಾದುದರಿಂದ ಮಳೆಗಾಲ ಮುಗಿಯುವ ಹೊತ್ತಿಗೆ ವಿಪರೀತವಾಯಿತು. ಮೇಕೆಯ ಸಿಡುಬಿಗೆಂದು ಮಾಡಿದ ಲಸಿಕೆಯನ್ನೇ ದನಗಳಿಗೆ ಚುಚ್ಚಿದರು. ಹಲವೆಡೆ ದನಗಳ ಜಾತ್ರೆ, ಸಂತೆಗಳಿಗೆ ತಡೆ ಬಿತ್ತು. ಆಗ ರಾಜ್ಯ ಸರ್ಕಾರವು ತನ್ನದೇ ಪ್ರತ್ಯೇಕ ದರವನ್ನು ಘೋಷಿಸಿತು: ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000.

ಓದುಗರು ಗಮನಿಸಿರಬಹುದು. ವಿಪತ್ತು ನಿಧಿಯ ಪಟ್ಟಿಯಲ್ಲಿ ಹಸು ಎತ್ತಿಗಿಂತ ಹೆಚ್ಚು ಬೆಲೆಯದು. ಚರ್ಮಗಂಟು ರೋಗದ ಪಟ್ಟಿಯಲ್ಲಿ ಎತ್ತು ಹಸುವಿಗಿಂತ ಹೆಚ್ಚು ಬೆಲೆಯದು. ಎರಡೂ ಒಂದೇ ವರ್ಷದ ಪಟ್ಟಿಗಳು. ಒಂದನ್ನು ಮಾಡಿದವರ ಕಣ್ಣಿನಲ್ಲಿ ಹಾಲಿನ ಕ್ಯಾನಿತ್ತು, ಇನ್ನೊಂದನ್ನು ಮಾಡಿದವರ ಕಣ್ಣಿನಲ್ಲಿ ನೇಗಿಲಿತ್ತು ಎನ್ನಬೇಕಷ್ಟೆ. ಇನ್ನು 'ಅನುಗ್ರಹ'ದ ಪಟ್ಟಿಯಲ್ಲಿ ಹಸು, ಎಮ್ಮೆ, ಎತ್ತು ಮೂರಕ್ಕೂ ಒಂದೇ ದರ. ದನದ ಬೆಲೆ ಸಂತೆಯಲ್ಲಿ ಹಲ್ಲು, ಸುಳಿ, ಕೆಚ್ಚಲು ನೋಡಿ ನಿಶ್ಚಯವಾಗುವುದು. ಕಚೇರಿಯಲ್ಲಿ ಸಾವಿನ ಹೆಸರು ನೋಡಿ ನಿಶ್ಚಯವಾಗುವುದು.

ದಿನಕ್ಕೆ ಹನ್ನೆರಡು ಲೀಟರು ಕರೆಯುವ ಮಿಶ್ರತಳಿಯ ಹಸುವೊಂದರ ಲೆಕ್ಕ ಹಾಕಿ ನೋಡಿದೆವು. ಡೇರಿಯ ದರ ಲೀಟರಿಗೆ 30 ರೂಪಾಯಿಯಂತೆ ಹಿಡಿದರೂ ದಿನಕ್ಕೆ 360 ರೂಪಾಯಿ. 20,000 ರೂಪಾಯಿ ಎಂದರೆ ಎರಡು ತಿಂಗಳೂ ತುಂಬದ ಹಾಲಿನ ಹಣ. ಹಿಂಡಿ, ಬೂಸಾ, ರಾಗಿಹುಲ್ಲಿನ ಖರ್ಚು ಕಳೆದರೆ ನಾಲ್ಕು ತಿಂಗಳ ಉಳಿಕೆ ಎನ್ನಬಹುದು. ಅಂತಹ ಹಸುವನ್ನು ಮರಳಿ ಕೊಳ್ಳಹೋದರೆ ಸಂತೆಯಲ್ಲಿ ಅರವತ್ತು ಸಾವಿರಕ್ಕೆ ಕಡಿಮೆ ಹೇಳುವವರು ಅಪರೂಪ. ಸಾಲ ಮಾಡಿ ಕೊಂಡ ಹಸು ಸತ್ತರೆ ಕಂತು ಮಾತ್ರ ಸಾಯುವುದಿಲ್ಲ.

ಬೇರೆ ದೇಶದವರು ಏನು ಮಾಡಿದ್ದಾರೆಂದು ನೋಡುವುದು ತಪ್ಪಲ್ಲ. ಅಮೆರಿಕದಲ್ಲಿ ಬಿರುಗಾಳಿ, ನೆರೆ, ಅತಿ ಶೀತಗಳಿಂದ ದನ ಸತ್ತರೆ ಆ ಜಾತಿಯ, ಆ ವಯಸ್ಸಿನ ಪಶುವಿನ ಸರಾಸರಿ ಮಾರುಕಟ್ಟೆ ಬೆಲೆಯ ನೂರಕ್ಕೆ 75ರಷ್ಟನ್ನು ಸರ್ಕಾರ ಕೊಡುತ್ತದೆ. ಸಹಜವಾಗಿ ಪ್ರತಿವರ್ಷ ಸಾಯುವಷ್ಟನ್ನು ಕಳೆದು ಉಳಿದುದಕ್ಕೆ ಮಾತ್ರ. 2014ರ ಅವರ ಕೃಷಿ ಕಾಯಿದೆಯು ಇದನ್ನು ಶಾಶ್ವತ ಏರ್ಪಾಡಾಗಿ ಮಾಡಿತು. ಬರಗಾಲದಲ್ಲಿ ಮೇವಿನ ನಷ್ಟಕ್ಕೆ ಬೇರೆಯೇ ಯೋಜನೆಯಿದ್ದು, ವಾರವಾರ ಪ್ರಕಟವಾಗುವ ಬರದ ನಕ್ಷೆಯಲ್ಲಿ ತಮ್ಮ ಕೌಂಟಿ (ನಮ್ಮ ತಾಲ್ಲೂಕಿನಂತಹ ವಿಭಾಗ) ಯಾವ ಬಣ್ಣಕ್ಕೆ ತಿರುಗಿತೆಂಬುದರ ಮೇಲೆ ಹಣ ನಿಶ್ಚಯವಾಗುವುದು. ಅಲ್ಲಿನ ರೈತ ಸಾವಿರ ದನಗಳ ಒಡೆಯ, ಇಲ್ಲಿನವನು ಎರಡು ದನಗಳ ಒಡೆಯ, ಹೋಲಿಕೆ ಪೂರ್ಣವಲ್ಲ. ಆದರೂ ದರವನ್ನು ಸಂತೆಯ ಬೆಲೆಗೆ ಕಟ್ಟಿಹಾಕಿದ ಅವರ ಕ್ರಮವನ್ನು ನಮ್ಮವರು ಆಲೋಚಿಸಬಹುದಾಗಿತ್ತು. ಐದು ವರ್ಷಕ್ಕೊಮ್ಮೆ ತಿದ್ದುವ ಅಂಕಿಯು ವರ್ಷವರ್ಷ ಏರುವ ದನದ ಬೆಲೆಯ ಹಿಂದೆ ಎಂದಿಗೂ ಕುಂಟುತ್ತಲೇ ಇರುವುದು.

ಭೂಮಿ ಹೋಯಿತು, ದನ ಉಳಿಯಿತು

ಇಷ್ಟೆಲ್ಲ ಹಳ್ಳಿಗಾಡಿನ ಮಾತಾಯಿತು. ಬೆಂಗಳೂರಿನೊಳಗೆ ಕುಳಿತವರಿಗೇನು ಎಂದು ಕೇಳುವವರುಂಟು. ಅವರಿಗಾಗಿ ತಣಿಸಂದ್ರದ ಮಾತನ್ನು ಹೇಳಬೇಕು. ನಾಗವಾರದಿಂದ ಉತ್ತರಕ್ಕೆ ಹೊರಳುವ ಹೆದ್ದಾರಿಯಂತಹ ರಸ್ತೆಗೆ ಹೆಸರು ಕೊಟ್ಟಿರುವ ಈ ಊರು ಮೊನ್ನೆಮೊನ್ನೆಯವರೆಗೂ ರಾಗಿಯ ಹೊಲ, ತರಕಾರಿಯ ತೋಟಗಳ ಹಳ್ಳಿ. 'ಸಂದ್ರ'ವೆಂಬುದು 'ಸಮುದ್ರ'ದ ಆಡುರೂಪ. ದೊಡ್ಡ ಕೆರೆಯನ್ನು ಸಮುದ್ರವೆಂದು ಕರೆದ ನಾಡು ನಮ್ಮದು. ಕೆರೆಯಿದ್ದಲ್ಲಿ ಮೇವು, ಮೇವಿದ್ದಲ್ಲಿ ದನ. ಪ್ರತಿ ನೂರು ದನಗಳಿಗೆ ಮೂವತ್ತು ಎಕರೆ ಗೋಮಾಳವಿರಬೇಕೆಂದು ಕರ್ನಾಟಕದ 1966ರ ಭೂಕಂದಾಯ ನಿಯಮಗಳು ಹೇಳಿದವು. ನಗರ ಬೆಳೆದಂತೆ ಆ ನಿಯಮ ಪುಸ್ತಕದಲ್ಲುಳಿಯಿತು, ನೆಲ ಉಳಿಯಲಿಲ್ಲ.

2003ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಅರ್ಕಾವತಿ ಬಡಾವಣೆಗೆಂದು ಪ್ರಾಥಮಿಕ ಅಧಿಸೂಚನೆ ಹೊರಡಿಸಿತು. 2004ರ ಅಂತಿಮ ಅಧಿಸೂಚನೆಯಲ್ಲಿ 16 ಗ್ರಾಮಗಳ 2,750 ಎಕರೆ ಸೇರಿತ್ತು. ತಣಿಸಂದ್ರವೂ ಆ ಹದಿನಾರರಲ್ಲೊಂದು. ರಾಚೇನಹಳ್ಳಿ, ಜಕ್ಕೂರು, ಸಂಪಿಗೆಹಳ್ಳಿ, ಚಳ್ಳಕೆರೆ ಅದರ ಒಡನಾಡಿಗಳು. ಆ ಬಡಾವಣೆಯ ವ್ಯಾಜ್ಯಗಳು ವರ್ಷಗಟ್ಟಲೆ ನ್ಯಾಯಾಲಯಗಳಲ್ಲಿ ನಡೆದುದು ಎಲ್ಲರಿಗೂ ತಿಳಿದಿದೆ. 2007ರಲ್ಲಿ ಊರು ಮಹಾನಗರ ಪಾಲಿಕೆಗೆ ಸೇರಿತು. ಪಕ್ಕದಲ್ಲೇ ತಂತ್ರಾಂಶ ಕಂಪನಿಗಳ ಉದ್ಯಾನ, ಮುಗಿಲು ಮುಟ್ಟುವ ವಸತಿ ಸಮುಚ್ಚಯಗಳು. ಇವುಗಳ ಸಂದಿಯಲ್ಲಿ, ತಗಡಿನ ಮಾಡಿನ ಕೆಳಗೆ ಇಂದಿಗೂ ಎರಡು ಮೂರು ಹಸು ಕಟ್ಟಿಕೊಂಡು ಬೆಳಗಿನ ಐದಕ್ಕೆ ಹಾಲು ಹಾಕುವ ಮನೆಗಳಿವೆ. ಹುಲ್ಲು ಹೊರಗಿನಿಂದ ಲಾರಿಯಲ್ಲಿ ಬರುವುದು. ಹಸಿ ಮೇವಿಗೆ ಕೆರೆಯಂಚು, ಖಾಲಿ ನಿವೇಶನ, ಮಾರುಕಟ್ಟೆಯ ಸೊಪ್ಪಿನ ಉಳಿಕೆ. ಭೂಮಿ ಹೋದರೂ ದನವನ್ನು ಬಿಡದವರಿವರು.

ವಿಚಿತ್ರವೆಂದರೆ ಪಶುವೈದ್ಯದ ದೊಡ್ಡ ದೊಡ್ಡ ಸಂಸ್ಥೆಗಳೆಲ್ಲ ಇವರ ಅಕ್ಕಪಕ್ಕದಲ್ಲೇ ಇವೆ. ಹೆಬ್ಬಾಳದಲ್ಲಿ 1958ರಲ್ಲಿ ಆರಂಭವಾದ ಪಶುವೈದ್ಯ ಕಾಲೇಜು. 1920ರ ದಶಕದಲ್ಲಿ 'ದೊಡ್ಡರೋಗ'ದ ವಿರುದ್ಧ ಮದ್ದು ತಯಾರಿಸಲು ಮೈಸೂರು ಸಂಸ್ಥಾನ ಕಟ್ಟಿದ ಸೀರಂ ಸಂಸ್ಥೆಯಿಂದ ಬೆಳೆದುಬಂದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ. ಯಲಹಂಕದ ರಾಮಗೊಂಡನಹಳ್ಳಿಯಲ್ಲಿ ದೇಶದ ದನಗಳ ರೋಗಗಳ ಲೆಕ್ಕವನ್ನೆಲ್ಲ ಇಡುವ ರಾಷ್ಟ್ರೀಯ ಸಂಸ್ಥೆ. ದೊಡ್ಡರೋಗವು 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಯಿತೆಂದು ಘೋಷಣೆಯಾದುದರ ಹಿಂದೆ ಇಂತಹ ಸಂಸ್ಥೆಗಳ ಬೆವರಿದೆ. ಇದನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು. ವಿದ್ಯೆ ಹತ್ತಿರವಿದೆ. ನೆರವು ಮಾತ್ರ ದೂರವಿದೆ.

2022ರ ಕೊನೆಯ ತಿಂಗಳುಗಳಲ್ಲಿ ತಣಿಸಂದ್ರದ ಭಕ್ತರ ಮನೆಯೊಂದಕ್ಕೆ ಶರಣಗೋಷ್ಠಿಯ ನಿಮಿತ್ತ ಹೋಗಿದ್ದೆವು. ಹಿತ್ತಿಲಿನ ಗೊಂತು ಖಾಲಿಯಿತ್ತು. ಆ ಮನೆಯ ಹಿರಿಯ ತಾಯಿ ಹೇಳಿದ ವಿವರ ಹೀಗಿದೆ. ದೊಡ್ಡಬಳ್ಳಾಪುರದ ಕಡೆಯ ನೆಂಟರಿಂದ ಕೊಂಡು ತಂದ ಹಸು, ಎರಡನೆಯ ಸೂಲು. ಮೈಮೇಲೆ ಗಂಟೆದ್ದ ಒಂಬತ್ತನೆಯ ದಿನ ರಾತ್ರಿ ಸತ್ತಿತು. ಬೆಳಗಾದರೆ ವಾಸನೆ ಬರುವುದು, ಅಕ್ಕಪಕ್ಕದ ಸಮುಚ್ಚಯದವರು ದೂರು ಕೊಡುವರು ಎಂಬ ಭಯದಿಂದ ಮನೆಯವರು ಗಾಡಿ ಮಾಡಿ ದೂರ ಒಯ್ದು ಹೂಳಿ ಬಂದರು. ಊರಿನೊಳಗೆ ದನ ಹೂಳಲು ಒಂದು ಗೇಣು ನೆಲವೂ ಇಲ್ಲವಷ್ಟೆ! ಮಧ್ಯಾಹ್ನ ವೈದ್ಯರು ಬಂದರು, ನೋಡಲು ಕಳೇಬರವಿಲ್ಲ. ಕಿವಿಯೋಲೆಯ ಸಂಖ್ಯೆ ಹುಡುಕಿದರೆ ಅದು ಹಿಂದಿನ ಒಡೆಯನ ಹೆಸರಿನಲ್ಲಿತ್ತು. ಕಚೇರಿಯೊಂದರಲ್ಲಿ ಪಹಣಿ ಕೇಳಿದರು. ಇನ್ನೊಂದು ಕಚೇರಿಯಲ್ಲಿ, ನೀವು ನಗರದವರು, ಇಲ್ಲಿಗೆ ಬರುವುದಿಲ್ಲ ಎಂದರು. "ಅಯ್ಯನೋರೆ, ಸತ್ತದ್ದು ಊರಿಗೆಲ್ಲ ಗೊತ್ತು. ಕಾಗದಕ್ಕೆ ಮಾತ್ರ ಗೊತ್ತಿಲ್ಲ" ಎಂದರು ಆ ತಾಯಿ. ಮುವ್ವತ್ತು ವರ್ಷ ನಸುಕಿನಲ್ಲೆದ್ದು ಸಗಣಿ ಬಾಚಿ, ಹಾಲು ಕರೆದು, ಮೂರು ಮಕ್ಕಳನ್ನು ಓದಿಸಿದ ಕೈ ಅದು. ಅದೇನೂ ಕಾಯಕವಲ್ಲವೇ? ಆದರೆ ಡೇರಿಯ ಪುಸ್ತಕದಿಂದ ಮೊದಲ್ಗೊಂಡು ಬ್ಯಾಂಕಿನ ಖಾತೆಯವರೆಗೆ ಆ ತಾಯಿಯ ಹೆಸರು ಎಲ್ಲಿಯೂ ಇರಲಿಲ್ಲ. ಎಲ್ಲವೂ ಲಿಂಗೈಕ್ಯರಾದ ಯಜಮಾನರ ಹೆಸರಿನಲ್ಲಿತ್ತು.

ಇಲ್ಲಿ ವೈದ್ಯರನ್ನಾಗಲಿ, ಗುಮಾಸ್ತರನ್ನಾಗಲಿ ದೂಷಿಸುವುದು ನಮ್ಮ ಉದ್ದೇಶವಲ್ಲ. ಕಾಣದ ಕಳೇಬರಕ್ಕೆ ಪ್ರಮಾಣಪತ್ರ ಬರೆದುಕೊಟ್ಟರೆ ನಾಳೆ ಸಾಯದ ದನಗಳೂ ಸಾಯತೊಡಗುವುವು. ಆದರೆ ಇಡೀ ಏರ್ಪಾಡು 'ಭೂಮಿಯಿರುವ ರೈತ, ಹಳ್ಳಿಯಲ್ಲಿರುವ ರೈತ, ಗಂಡಸಾದ ರೈತ' ಎಂಬ ಒಂದೇ ಅಚ್ಚಿನಿಂದ ಎರಕ ಹೊಯ್ದಂತಿದೆ ಎನ್ನದೆ ವಿಧಿಯಿಲ್ಲ. 2023ರ ಬರದಲ್ಲಿಯೂ ಇದನ್ನೇ ಕಂಡೆವು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ರಾಜ್ಯವು ಕೇಂದ್ರದಿಂದ 18,171 ಕೋಟಿ ರೂಪಾಯಿ ಬೇಡಿ, ಕೊನೆಗೆ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿ, 2024ರ ಏಪ್ರಿಲ್‌ನಲ್ಲಿ ಸುಮಾರು 3,454 ಕೋಟಿ ಪಡೆಯಿತು. ಅದಕ್ಕೂ ಮೊದಲು ರಾಜ್ಯವೇ ಮೊದಲ ಕಂತಾಗಿ ರೈತರಿಗೆ ತಲಾ 2,000 ರೂಪಾಯಿವರೆಗೆ ಖಾತೆಗೆ ಹಾಕಿತ್ತು. ಆ ಹಣವೆಲ್ಲ ಬೆಳೆನಷ್ಟದ ಲೆಕ್ಕ. ಎಕರೆಯ ಮೇಲೆ ನಿಂತ ಲೆಕ್ಕ. ಹೊಲವಿಲ್ಲದೆ ದನ ಮಾತ್ರ ಸಾಕುವವರಿಗೆ ಅದರಲ್ಲಿ ಪಾಲಿಲ್ಲ. ಅವರ ಪಾಲಿನ ಬರವೆಂದರೆ ಮೇವಿನ ಬೆಲೆ ಏರುವುದು; ಅದನ್ನು ಅಳೆಯುವ ಕೋಲು ಸರ್ಕಾರದಲ್ಲಿ ಇಲ್ಲ.

ಗೋಶಾಲೆ ತೆರೆಯುವರಲ್ಲವೇ ಎನ್ನಬಹುದು. ವಿಪತ್ತು ನಿಧಿಯಿಂದ ದೊಡ್ಡ ರಾಸಿಗೆ ದಿನಕ್ಕೆ 80 ರೂಪಾಯಿ, ಚಿಕ್ಕದಕ್ಕೆ 45 ರೂಪಾಯಿಯಂತೆ ಮೇವು, ನೀರು, ಔಷಧಿಗೆ ಕೊಡಲು ಅವಕಾಶವಿತ್ತು. ಬತ್ತಿದ ದನಗಳಿಗೆ ಅದು ನಿಜಕ್ಕೂ ಜೀವದಾನ. ಹಾಲು ಕರೆಯುವ ಹಸುವನ್ನು ಹತ್ತು ಮೈಲಿ ದೂರದ ಗೋಶಾಲೆಗೆ ಹೊಡೆದುಕೊಂಡು ಹೋದರೆ ಬೆಳಿಗ್ಗೆ ಸಂಜೆ ಡೇರಿಗೆ ಹಾಲು ಹಾಕುವವರಾರು? ಮನೆಯ ಹೆಣ್ಣುಮಕ್ಕಳು ಮಕ್ಕಳನ್ನು ಬಿಟ್ಟು ಗೋಶಾಲೆಯ ಬಯಲಿನಲ್ಲಿ ಮಲಗುವುದುಂಟೇ? ಮೇವನ್ನು ಮನೆಬಾಗಿಲಿಗೆ, ಇಲ್ಲವೆ ಹಾಲಿನ ಡೇರಿಯ ಬಾಗಿಲಿಗೆ ತಲಪಿಸುವುದೇ ಹೈನುಗಾರರಿಗೆ ಒಪ್ಪುವ ಕ್ರಮ. ನಾವು ಮಠದಲ್ಲಿ ಓದುತ್ತಿದ್ದ ದಿನಗಳಲ್ಲಿ ವಿದ್ಯಾರ್ಥಿಗಳಿಗೆ ಸರದಿಯಂತೆ ಕೊಟ್ಟಿಗೆಯ ಕೆಲಸವಿರುತ್ತಿತ್ತು. ವ್ಯಾಕರಣಕ್ಕಿಂತ ಅದೇ ಕಷ್ಟವೆನಿಸುತ್ತಿತ್ತೆಂಬುದನ್ನು ಈಗ ಹೇಳಬಹುದು. ಆ ಕಷ್ಟ ಅರಿತವರು ಗೋಶಾಲೆಯ ನಕ್ಷೆ ಬರೆಯುವಾಗ ಹತ್ತಿರ ಇರಬೇಕಿತ್ತು.

ಬದುಕಿರುವಾಗಲೇ ಬರೆಸಬೇಕಾದ ಲೆಕ್ಕ

ಸರ್ಕಾರ ತಿದ್ದಿಕೊಳ್ಳುವವರೆಗೆ ಮನೆಯವರು ಕೈಕಟ್ಟಿ ಕೂರುವಂತಿಲ್ಲ. ನಾವು ಹತ್ತಾರು ಮನೆಗಳ ಅನುಭವ ಕೇಳಿ ತಿಳಿದುದೇನೆಂದರೆ, ನೆರವು ತಪ್ಪಿದ ಬಹುಪಾಲು ಪ್ರಕರಣಗಳಲ್ಲಿ ಹಾದಿ ಮುಚ್ಚಿದ್ದು ದನ ಸತ್ತ ದಿನವಲ್ಲ. ಅದಕ್ಕೂ ಬಹಳ ಮೊದಲೇ.

2019ರ ಸೆಪ್ಟೆಂಬರಿನಲ್ಲಿ ಆರಂಭವಾದ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮದಿಂದ ಈಚೆಗೆ ಕಾಲುಬಾಯಿ ಜ್ವರದ ಲಸಿಕೆ ಹಾಕುವಾಗ ಪ್ರತಿ ರಾಸಿನ ಕಿವಿಗೆ ಹನ್ನೆರಡು ಅಂಕಿಯ ಓಲೆ ಹಾಕುತ್ತಾರೆ. ಅನೇಕರು ದನಕ್ಕೆ ನೋವಾಗುವುದೆಂದು, ಕಿವಿ ಕೀವಾಗುವುದೆಂದು ಅದನ್ನು ಬೇಡವೆನ್ನುತ್ತಾರೆ; ಹಾಕಿದ್ದನ್ನು ಕಿತ್ತೆಸೆದವರೂ ಇದ್ದಾರೆ. ಆ ಓಲೆಯೇ ದನದ ಜಾತಕ. ಅದರಲ್ಲಿ ಒಡೆಯನ ಹೆಸರು ಯಾರದಿದೆಯೆಂಬುದನ್ನು ಮುಂದಿನ ಲಸಿಕೆಯ ದಿನ ಕೇಳಿ ನೋಡಿಕೊಳ್ಳಬೇಕು. ಸಾಕುವವರು ಮನೆಯ ತಾಯಿಯಾದರೆ ಆಕೆಯ ಹೆಸರೇ ಇರಲಿ. ಆಕೆಯ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಯೂ ಇರಲಿ. ಡೇರಿಯ ಸದಸ್ಯತ್ವವೂ ಅಂತೆಯೇ.

ರಾಸು ಕಾಯಿಲೆ ಬಿದ್ದಾಗಲೇ 1962 ಸಂಖ್ಯೆಗೆ ಕರೆ ಮಾಡಿ, ಇಲ್ಲವೆ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ ಚಿಕಿತ್ಸೆಯ ಚೀಟಿ ಪಡೆದಿರಬೇಕು. ಸತ್ತ ಮೇಲೆ ಆ ಚೀಟಿಯೇ ಸಾಕ್ಷಿ. ಸತ್ತರೆ ಹೂಳುವ ಮುನ್ನ ಕಿವಿಯೋಲೆ ಕಾಣುವಂತೆ ಚಿತ್ರ ತೆಗೆದಿಡಬೇಕು, ವೈದ್ಯರು ಬಂದು ಮರಣೋತ್ತರ ಪರೀಕ್ಷೆ ಮಾಡುವವರೆಗೆ ಕಳೇಬರವನ್ನು ಕದಲಿಸಬಾರದು. ಪ್ರವಾಹ, ಬೆಂಕಿಗಳಂತಹ ಸಾವಾದರೆ ಕಂದಾಯ ಇಲಾಖೆಯವರ ಮಹಜರೂ ಬೇಕು. 2019ರ ಆಗಸ್ಟ್‌ನಲ್ಲಿ ಕೃಷ್ಣೆ, ಮಲಪ್ರಭೆ, ಘಟಪ್ರಭೆಗಳು ಉಕ್ಕಿದಂತಹ ಹೊತ್ತಿನಲ್ಲಿ ಕೊಚ್ಚಿಹೋದ ದನಗಳ ಕಳೇಬರವೇ ಸಿಕ್ಕುವುದಿಲ್ಲ. ಅಂತಹ ಕಡೆ ಹಿಂದಿನ ತಿಂಗಳ ಡೇರಿ ಪುಸ್ತಕ, ಲಸಿಕೆಯ ದಾಖಲೆ, ನೆರೆಯವರ ಹೇಳಿಕೆಗಳಲ್ಲದೆ ಬೇರಾವ ಆಧಾರವಿದ್ದೀತು? ಅಂದಹಾಗೆ ನೆರೆ ಏರುವಾಗ ಮೊದಲು ಮಾಡಬೇಕಾದುದು ದನದ ಕಣ್ಣಿ ಬಿಚ್ಚುವುದು. ಗೊಂತಿಗೆ ಕಟ್ಟಿದ್ದುದರಿಂದಲೇ ಮುಳುಗುವ ದನಗಳು ಬಹಳ. ಬಿಟ್ಟ ದನ ಈಜಬಲ್ಲದು.

ವಿಮೆಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇವೆ. ರೋಗಕ್ಕೆ ಬೇರೆ ದರ, ನೆರೆಗೆ ಬೇರೆ ದರ ಎಂಬ ಭೇದವು ವಿಮೆಗಿಲ್ಲ. ಒಪ್ಪಂದದ ಮೊತ್ತವೇ ಮೊತ್ತ. ರಾಷ್ಟ್ರೀಯ ಜಾನುವಾರು ಮಿಷನ್ನಿನಡಿ ಕೇಂದ್ರ ಸಂಪುಟವು 2024ರ ಫೆಬ್ರವರಿಯಲ್ಲಿ ಮಾಡಿದ ಮಾರ್ಪಾಡಿನಂತೆ ಕಂತಿನ ನೂರಕ್ಕೆ 15 ಪಾಲನ್ನು ಮಾತ್ರ ರೈತ ಕಟ್ಟಿದರೆ ಸಾಕು. ಉಳಿದುದನ್ನು ಕೇಂದ್ರ, ರಾಜ್ಯಗಳು ಹಂಚಿಕೊಳ್ಳುವುವು. ವಿಮೆಗೂ ಅದೇ ಕಿವಿಯೋಲೆ ಬೇಕು, ಅದೇ ಹೆಸರು ಬೇಕು. ಮಗಳ ಮದುವೆಗೆ ಚೀಟಿ ಹಾಕುವ ನಮ್ಮ ಮನೆಗಳಲ್ಲಿ ಹಸುವಿನ ವಿಮೆಗೆ ವರ್ಷಕ್ಕೊಮ್ಮೆ ಹಣ ತೆಗೆದಿಡಲು ಕೈ ಬಾರದೇಕೋ ತಿಳಿಯದು.

ಮಠಗಳು, ಬಸವ ಸಮಿತಿಗಳು, ಅಕ್ಕನ ಬಳಗಗಳು ಇಲ್ಲಿ ಮಾಡಬಹುದಾದ ಕೆಲಸ ದೊಡ್ಡದೇನಲ್ಲ. ತಣಿಸಂದ್ರ, ರಾಚೇನಹಳ್ಳಿ, ಸಂಪಿಗೆಹಳ್ಳಿಗಳಂತಹ ನಗರ ನುಂಗಿದ ಊರುಗಳಲ್ಲಿ ದನ ಸಾಕುವ ಮನೆ ಎಷ್ಟು, ಓಲೆಯಿರುವ ರಾಸು ಎಷ್ಟು ಎಂದು ಒಂದು ಭಾನುವಾರ ಬಳಗದವರು ಮನೆಮನೆಗೆ ಹೋಗಿ ಬರೆದುಕೊಂಡರೆ ಸಾಕು. ಆ ಪಟ್ಟಿಯನ್ನು ಪಶು ಆಸ್ಪತ್ರೆಗೆ ಒಯ್ದು ಕೊಟ್ಟು, ಲಸಿಕೆಯ ದಿನ ಗೊತ್ತುಮಾಡಿಸಬಹುದು. ದನ ಹೂಳಲು ಪ್ರತಿ ವಾರ್ಡಿನಲ್ಲಿ ಇಲ್ಲವಾದರೆ ಪ್ರತಿ ವಲಯದಲ್ಲಾದರೂ ಒಂದು ಜಾಗ ಬೇಕೆಂದು ನಗರಾಡಳಿತಕ್ಕೆ ಬಿನ್ನವತ್ತಳೆ ಕೊಡಬಹುದು. ಸಾಂಕ್ರಾಮಿಕ ರೋಗದಿಂದ ಸತ್ತ ದನವನ್ನು ಎಲ್ಲೆಂದರಲ್ಲಿ ಹಾಕುವುದು ಉಳಿದ ದನಗಳಿಗೂ ಕೇಡು.

ಇನ್ನು ಮಹಾಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ದನಗಳ ಜಾತ್ರೆ ನೆರೆಯುವುದು. ಬೆಂಗಳೂರು ಸೀಮೆಯಿಂದಲೂ ಕೊಳ್ಳುವವರು ಹೋಗುವರು. ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವ ಹಳೆಯ ಪದ್ಧತಿ ಇದ್ದುಕೊಳ್ಳಲಿ. ಅದರ ಸೊಗಸೇ ಬೇರೆ. ಹಗ್ಗ ಕೈಗೆ ಬಂದ ಮೇಲೆ ಮಾರಿದವರನ್ನು ಐದು ನಿಮಿಷ ನಿಲ್ಲಿಸಿಕೊಂಡು, ಕಿವಿಯೋಲೆಯ ಹನ್ನೆರಡು ಅಂಕಿ, ಅವರ ಹೆಸರು, ಊರು, ಮೊಬೈಲ್ ಸಂಖ್ಯೆಗಳನ್ನು ಬರೆದುಕೊಂಡು, ಸಹಿ ಹಾಕಿಸಿಕೊಂಡು ಬನ್ನಿ. ಮನೆಗೆ ಬಂದ ವಾರದೊಳಗೆ ಆ ಚೀಟಿಯನ್ನು ಪಶು ಆಸ್ಪತ್ರೆಗೆ ಒಯ್ದು ಓಲೆಯ ಹೆಸರನ್ನು ಬದಲಾಯಿಸಿಕೊಳ್ಳಿ.